ಹೀರೇಕಾಯಿ ಎಂಬ ಹೆಸರಿನ ಲೋಹ

ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಮನೆಯ ಕುಕ್ಕರಿನ ಹಿಡಿ ಸುಟ್ಟಿತು. ತಪ್ಪು ನನ್ನದೇ. ಬೇಳೆಗಿಟ್ಟು ಪೇಪರ್ ಹಿಡಿದು ಕೂತವನಿಗೆ, ಪಕ್ಕದ ಒಲೆಯ ಉರಿ ಹಿಡಿಗೆ ತಾಗುತ್ತಿರುವುದು ಕಾಣಲಿಲ್ಲ. ಬಚ್ಚಲಿನಿಂದ ಹೆಂಡತಿ "ಏನ್ರೀ ಅದು ವಾಸನೆ?" ಎಂದು ಕೂಗಿದಳು. ಎದ್ದು ಓಡಬೇಕಿದ್ದವನು ಓಡಲಿಲ್ಲ. ಫಿನಾಯಿಲಿಗೆ ಒಣಮೀನು ಬೆರೆತಂಥ ಆ ವಾಸನೆಯಲ್ಲಿ ಹಾಗೇ ನಿಂತುಬಿಟ್ಟೆ... ಬೇಕಲೈಟ್ ಸುಟ್ಟ ವಾಸನೆ. ಹೆಂಡತಿ ಒದ್ದೆ ಕೈಯಲ್ಲೇ ಬಂದು ಒಲೆ ಆರಿಸಿದಳು. ನನ್ನ ಮುಖ ನೋಡಿ, ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡಳು. "ಮೇಡಂ ನೆನಪಾದ್ರಾ?" ಎಂದಳು. ಹೌದೆಂದೆ.

ಲೋಹದ ಚೂರೊಂದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕಾದರೆ ಮೊದಲು ಅದನ್ನು ಕೈಗೆ ಸಿಗುವಂತೆ ಮಾಡಿಕೊಳ್ಳಬೇಕು. ಬೇಕಲೈಟಿನ ಕಪ್ಪು ಪುಡಿಯಲ್ಲಿ ಚೂರನ್ನು ಹುಗಿದು, ಕಾಯಿಸಿ ಒತ್ತಿದರೆ ಕೇರಂ ಸ್ಟ್ರೈಕರಿನಂಥ ಬಿಲ್ಲೆಯಾಗುತ್ತದೆ. ಅದರ ನಡುವೆ ಲೋಹ ಇಣುಕುತ್ತಿರುತ್ತದೆ. ಆಮೇಲೆ ಅದನ್ನು ಉಜ್ಜಬೇಕು. ಮುಖ ಕಾಣುವ ಕನ್ನಡಿಯಾಗುವವರೆಗೂ ಉಜ್ಜುತ್ತಲೇ ಇರಬೇಕು. ಹೈದರಾಬಾದಿನ ಅಂಚಿನಲ್ಲಿದ್ದ ಒಂದು ಲೋಹ ಪ್ರಯೋಗಾಲಯದಲ್ಲಿ ನಾನು ವರ್ಷಗಟ್ಟಲೆ ಮಾಡಿದ್ದು ಇದೇ ಕೆಲಸ. ಅಂಗಿ, ಊಟದ ಡಬ್ಬಿ, ಕೊನೆಗೆ ತಲೆದಿಂಬಿಗೂ ಆ ವಾಸನೆ ಅಂಟಿಕೊಂಡಿರುತ್ತಿತ್ತು.

ಮೇಡಂ ನನ್ನ ಗೈಡು. ಅವರಿಗೊಂದು ಹೆಸರಿತ್ತು, ಹೆಸರಿನ ಹಿಂದೆ ಡಾಕ್ಟರ್ ಎಂದೂ ಇತ್ತು. ಆದರೆ ನಿರ್ದೇಶಕರಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರಿಗೂ ಅವರು ಬರೀ ಮೇಡಂ. ಕೊಪ್ಪಳ ಕಡೆಯ ಮನೆತನ. ಅವರ ತಂದೆ ಎಂದೋ ಸರ್ಕಾರಿ ಕೆಲಸಕ್ಕೆಂದು ಹೈದರಾಬಾದಿಗೆ ಬಂದವರು ಇಲ್ಲೇ ಉಳಿದಿದ್ದರು. ಮದುವೆಯಾಗದ ಮೇಡಂ, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ತಂಗಿಯ ಜೊತೆ ಕಾಚಿಗುಡದ ಹಳೆಯ ಮನೆಯಲ್ಲಿದ್ದರು. ಟೆಕ್ನಿಷಿಯನ್ನರ ಜೊತೆ ತೆಲುಗು, ಅಂಗಡಿಗಳಲ್ಲಿ ದಖ್ಖನಿ, ಮೀಟಿಂಗಿನಲ್ಲಿ ಇಂಗ್ಲಿಷು. ಕನ್ನಡಕ್ಕೆ ಇಡೀ ಕಟ್ಟಡದಲ್ಲಿ ಸಿಕ್ಕವನು ನಾನೊಬ್ಬ. ಅದೂ ಮೈಸೂರಿನವನು. ಅವರಿಗೆ ನನ್ನ ಕನ್ನಡವೆಂದರೆ ತಮಾಷೆ. "ಏನ್ ಕೇಳಿದ್ರೂ ಪರವಾಗಿಲ್ಲ, ಪರವಾಗಿಲ್ಲ ಅಂತಿ. ಚಲೋ ಐತೋ ಕೆಟ್ಟೈತೋ, ಅದನ್ನರ ಹೇಳೋ ತಮ್ಮಾ!" ಎಂದು ಗದರುತ್ತಿದ್ದರು.

ಅವರು ಒಂದು ಮಿಶ್ರಲೋಹ ಮಾಡಿದ್ದರು. ಅದರಲ್ಲಿ ಹೆಚ್ಚಿನದು ನಿಕ್ಕಲ್. ಜೊತೆಗೆ ಅಲ್ಯೂಮಿನಿಯಂ, ಕ್ರೋಮಿಯಂ, ಟಂಗ್‌ಸ್ಟನ್, ಇನ್ನೂ ಕೆಲವು. ವಿಮಾನದ ಎಂಜಿನ್ನಿನ ಹೊಟ್ಟೆಯೊಳಗೆ ಉರಿಯ ನಡುವೆ ತಿರುಗುವ ಬ್ಲೇಡುಗಳಿಗೆ ಇಂಥದ್ದೇ ಲೋಹ ಬೇಕು. ಬೇರೆ ಲೋಹಗಳು ಮೆತ್ತಗಾಗುವ ಬಿಸಿಯಲ್ಲಿ ಇದು ಗಟ್ಟಿಯಾಗಿ ನಿಲ್ಲುತ್ತದೆ. ಹೊರಗಿನಿಂದ ತರಿಸುತ್ತಿದ್ದ ಹಳೆಯ ಲೋಹಕ್ಕಿಂತ ತನ್ನದು ಹೆಚ್ಚು ತಾಳುತ್ತದೆಂದು ತೋರಿಸುವುದು ಮೇಡಂ ಅವರ ಹಠ. ಎಳೆದು ನೋಡಿದ್ದಾಯಿತು, ಭಾರ ಹೇರಿ ನೋಡಿದ್ದಾಯಿತು, ಎಲ್ಲದರಲ್ಲೂ ಅದು ಗೆದ್ದಿತ್ತು. ಉಳಿದದ್ದು ಕಾಲದ ಪರೀಕ್ಷೆ. ಒಂಬೈನೂರು ಡಿಗ್ರಿಯ ಹತ್ತಿರ, ತಿಂಗಳುಗಟ್ಟಲೆ, ಆರಿಸದ ಕುಲುಮೆಯಲ್ಲಿಟ್ಟರೆ ಒಳಗೆ ಏನಾಗುತ್ತದೆ? ಮರುವರ್ಷದ ಬೇಸಿಗೆಯಲ್ಲಿ ಸಮಿತಿಯ ಮುಂದೆ ಉತ್ತರ ಇಡಬೇಕಿತ್ತು. ಅವರು ಒಪ್ಪಿದರೆ ದೊಡ್ಡ ಎರಕ, ನಿಜವಾದ ಬ್ಲೇಡು. ಒಪ್ಪದಿದ್ದರೆ ಅಲ್ಲಿಗೇ ಮುಗಿಯಿತು; ಇನ್ನೊಮ್ಮೆ ಮಾಡೋಣವೆಂದರೆ ಮೇಡಂ ಅವರ ನಿವೃತ್ತಿ ಹತ್ತಿರ ಬಂದಿತ್ತು.

ಮೊದಲ ದಿನ ಅವರು ನನಗೆ ಪಾಠ ಮಾಡಿದ್ದು ಹಲಗೆಯ ಮೇಲಲ್ಲ, ತಂಗಿ ಕಟ್ಟಿಕೊಟ್ಟಿದ್ದ ಶಂಕರಪಾಳಿಯ ಡಬ್ಬಿ ಬಿಚ್ಚಿ. ಹೊಸ ಲೋಹವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹೀಗೇ, ಸಣ್ಣ ಸಣ್ಣ ಚೌಕ, ಒತ್ತೊತ್ತಾಗಿ, ನಡುವೆ ತೆಳು ಸಂದು. ಆ ಚೌಕಗಳೇ ಲೋಹದ ಬಲ. "ಆದ್ರ ಬೆಂಕಿಯೊಳಗ ಯಾವುದೂ ಸುಮ್ಮನ ಕೂಡಂಗಿಲ್ಲ ನೋಡು," ಎಂದು ಎರಡು ಚಿಕ್ಕ ಚೌಕಗಳನ್ನು ಎತ್ತಿ ಬಾಯಿಗೆ ಹಾಕಿಕೊಂಡರು. "ಸಣ್ಣವು ಕರಗತಾವ. ಅವುಗಳದು ತಿಂದು ದೊಡ್ಡವು ಇನ್ನಷ್ಟು ದೊಡ್ಡವಾಗತಾವ. ಮೂಲಿ ಸವೀತಾವ, ಒಂದಕ್ಕೊಂದು ಕೂಡ್ಕೋತಾವ. ಇದು ಎಲ್ಲಾ ಲೋಹಕ್ಕೂ ಬರೋ ಮುಪ್ಪು. ಇದಕ್ಕ ನಾ ಹೆದರಂಗಿಲ್ಲ."

ಅವರು ಹೆದರುತ್ತಿದ್ದದ್ದು ಸೂಜಿಗಳಿಗೆ. ಕೆಲವು ಲೋಹಗಳಲ್ಲಿ ಬಹಳ ಕಾಲ ಬಿಸಿಯಲ್ಲಿಟ್ಟ ಮೇಲೆ, ಎಲ್ಲಿಯೂ ಇಲ್ಲದ ಒಂದು ಹೊಸ ವಸ್ತು ಹುಟ್ಟುತ್ತದೆ. ಸಿಗ್ಮಾ ಎನ್ನುತ್ತಾರೆ. ನಿಜದಲ್ಲಿ ಅವು ತೆಳು ಹಾಳೆಗಳು. ಕತ್ತರಿಸಿದ ಮುಖದಲ್ಲಿ ಸೂಜಿಗಳ ಹಾಗೆ ಕಾಣುತ್ತವೆ. ಲೋಹಕ್ಕೆ ಬಲ ಕೊಡಲೆಂದು ಹಾಕಿದ ಟಂಗ್‌ಸ್ಟನ್, ಕ್ರೋಮಿಯಂಗಳನ್ನೇ ಹೀರಿ ಅವು ಬೆಳೆಯುತ್ತವೆ, ಆಮೇಲೆ ಬಿರುಕಿಗೆ ದಾರಿ ಮಾಡಿಕೊಡುತ್ತವೆ. ಬಲಕ್ಕೆಂದು ಹೆಚ್ಚು ಹಾಕಿದಷ್ಟೂ ಇವು ಹುಟ್ಟುವ ಅಪಾಯ ಹೆಚ್ಚು. ಹಳೆಯ ಲೋಹದಲ್ಲಿ ಇವು ಕಾಣಿಸುವುದು ಎಲ್ಲರಿಗೂ ಗೊತ್ತಿತ್ತು. ಮೇಡಂ ಲೋಹದಲ್ಲಿ ಕಾಣಬಾರದು, ಅಷ್ಟೇ ನಮ್ಮ ಪ್ರಾರ್ಥನೆ.

ಪ್ರಾರ್ಥನೆ ಕಣ್ಣಿಗೆ ಇಳಿಯಬಾರದೆಂದು ಅವರೊಂದು ಪದ್ಧತಿ ಇಟ್ಟುಕೊಂಡಿದ್ದರು. ಕುಲುಮೆಯಿಂದ ಆಗಾಗ ತೆಗೆದು ನಮಗೆ ಕೊಡುವ ಚೂರುಗಳಿಗೆ ತರಕಾರಿಯ ಹೆಸರು. ಒಂದು ಹೀರೇಕಾಯಿ, ಒಂದು ಬದನೆಕಾಯಿ. ಯಾವುದು ಹಳೆಯ ಲೋಹ, ಯಾವುದು ತಮ್ಮದು ಎಂದು ನೋಡುವವರಿಗೆ ಹೇಳುತ್ತಿರಲಿಲ್ಲ. "ಹೆಸರು ಗೊತ್ತಾತಂದ್ರ ಕಣ್ಣು ಪಕ್ಷ ಕಟ್ಟತೈತಿ. ನಂದು ಅಂತ ಗೊತ್ತಿದ್ರ ನೀ ಅದರಾಗ ಕೆಟ್ಟದ್ದು ಹುಡುಕಂಗಿಲ್ಲ. ನಾನೂ ಹುಡುಕಂಗಿಲ್ಲ," ಎನ್ನುತ್ತಿದ್ದರು. ಇನ್ನೊಂದು ನಿಯಮವೂ ಇತ್ತು: ಒಂದೊಂದು ಚೂರನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಮೇಡಂ ಹೆಸರು ಬಿಚ್ಚುವವರೆಗೆ ಯಾರೂ ಬಾಯಿ ಬಿಡಬಾರದು. ನಡುವೆ ಒಂದು ದಿನ ಅವರೆಕಾಯಿ ಎಂಬ ಮೂರನೆಯದೂ ಕುಲುಮೆ ಸೇರಿತು. ಅದೇನೆಂದು ನಾವು ಕೇಳಲಿಲ್ಲ.

ಆ ಇಬ್ಬರಲ್ಲಿ ನಾನೊಬ್ಬ. ಇನ್ನೊಬ್ಬ ವಿಜಯವಾಡದ ಗೆಳೆಯ, ನನಗಿಂತ ಜಾಣ, ನನಗಿಂತ ನಿಧಾನಸ್ಥ. ಆದರೆ ಅದು ಎಂಥ ಕಾಲ! ಅಮೀರ್‌ಪೇಟೆಯ ಗೋಡೆಗಳಲ್ಲಿ ಸುಣ್ಣ ಕಾಣುತ್ತಿರಲಿಲ್ಲ, ಕಂಪ್ಯೂಟರ್ ಕೋರ್ಸಿನ ಪೋಸ್ಟರುಗಳೇ. ಬಸ್ಸಿನಲ್ಲಿ, ಮೆಸ್ಸಿನಲ್ಲಿ, ಮದುವೆಮನೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳ ಮಾಧಾಪುರದ್ದೇ ಮಾತು. ನಮ್ಮ ಭಾವ ಸಿಕ್ಕಾಗಲೆಲ್ಲ "ಇನ್ನೂ ಕಬ್ಬಿಣ ಕಾಯಿಸ್ತಾ ಇದ್ದೀಯೇನೋ?" ಎಂದು ನಗುತ್ತಿದ್ದರು. ಕಬ್ಬಿಣವಲ್ಲ, ನಿಕ್ಕಲ್ ಎಂದು ಸಿಡುಕುವುದರಲ್ಲೇ ನನ್ನ ಯೌವನ ಕಳೆಯಿತು. ನಮ್ಮ ಗುಂಪಿನಲ್ಲಿದ್ದವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಕೊನೆಗೆ ವಿಜಯವಾಡದ ಗೆಳೆಯನೂ ಹೋದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಅಂದಿನಿಂದ ಚೂರುಗಳನ್ನು ನಾನೊಬ್ಬನೇ ನೋಡುತ್ತಿದ್ದೆ. ಮೇಡಂ ಅವರಿಗೆ ಇದು ಇಷ್ಟವಿರಲಿಲ್ಲ, ಆದರೆ ಅವರಾದರೂ ಏನು ಮಾಡಿಯಾರು?

ನಾನು ಯಾಕೆ ಉಳಿದೆ ಎಂದು ಕೇಳಿದರೆ ನೇರವಾಗಿ ಹೇಳುತ್ತೇನೆ, ಮೇಡಂ ಮೇಲಿನ ಪ್ರೀತಿಯಿಂದ. ಅವರ ಜೊತೆ ಕೆಲಸ ಮಾಡುವುದು ಖುಷಿಯಾಗಿತ್ತು. ಒಮ್ಮೆ ಹೊರದೇಶದಿಂದ ಬರಬೇಕಿದ್ದ ಪಾಲಿಶ್ ಬಟ್ಟೆ ಬಂದರಿನಲ್ಲಿ ಸಿಕ್ಕಿಬಿದ್ದಿತು. ಮೇಡಂ ನನ್ನನ್ನು ಎಳೆದುಕೊಂಡು ಕೋಠಿಗೆ ಹೊರಟರು. ಬಟ್ಟೆ ಅಂಗಡಿಯಲ್ಲಿ ಮಖಮಲ್ಲಿನ ಥಾನುಗಳನ್ನು ಬಿಚ್ಚಿಸಿ, ಒಂದೊಂದನ್ನೂ ಕಣ್ಣು ಮುಚ್ಚಿ ಕೆನ್ನೆಗೆ ಉಜ್ಜಿ ನೋಡತೊಡಗಿದರು. ಅಂಗಡಿಯವನು ಕುತೂಹಲ ತಾಳಲಾರದೆ "ಶಾದಿ ಕಿಸ್ಕೀ ಹೈ ಅಮ್ಮಾ?" ಎಂದ. ಮೇಡಂ ಕಣ್ಣು ಬಿಡದೆಯೇ "ಲೋಹೇ ಕೀ" ಎಂದರು. ಮದುವೆ ಲೋಹದ್ದು! ಅವನೂ ಸೋಲುವವನಲ್ಲ, "ಫಿರ್ ತೋ ಅಚ್ಛಾ ಮಾಲ್ ದಿಖಾತೂಂ" ಎಂದು ಮೇಲಿನ ಅಟ್ಟದಿಂದ ಇನ್ನೂ ಒಳ್ಳೆಯ ಥಾನೊಂದನ್ನು ಇಳಿಸಿದ. ಅಲ್ಲಿಂದ ಬೇಗಂ ಬಜಾರಿಗೆ ಹೋಗಿ ಜೋಳ, ಒಣಮೆಣಸಿನಕಾಯಿ ಹೊತ್ತು, ಇಬ್ಬರೂ ಬಸ್ಸಿನಲ್ಲಿ ಸೀನುತ್ತಾ ಬಂದೆವು. ಆ ಕೆಂಪು ಮಖಮಲ್ಲಿನ ಮೇಲೆ ಉಜ್ಜಿದ ಚೂರುಗಳಷ್ಟು ಚೆಂದದ ಹೊಳಪನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ... ಅಥವಾ ಹಾಗನಿಸುತ್ತದೆ.

ಚಳಿಗಾಲ ಶುರುವಾಗುವ ಹೊತ್ತಿಗೆ ಹೀರೇಕಾಯಿಯ ಹೊಸ ಚೂರು ಕೈಗೆ ಬಂತು. ಬಹಳ ತಿಂಗಳು ಬೆಂದಿದ್ದ ಚೂರು. ಮೇಡಂ ಆ ವಾರ ರಜೆಯಲ್ಲಿದ್ದರು. ತಂಗಿಯ ಕಣ್ಣಿನ ಆಪರೇಷನ್ನು. ಉಜ್ಜಿ, ಆಸಿಡ್ಡಿನಲ್ಲಿ ಅದ್ದಿ ತೆಗೆದು, ಮೈಕ್ರೋಸ್ಕೋಪಿನಲ್ಲಿಟ್ಟೆ. ಮೂಲೆ ಸವೆದ ದಪ್ಪ ಚೌಕಗಳ ನಡುವೆ ಓರೆಯಾಗಿ, ಒಂದನ್ನೊಂದು ಹಾಯುತ್ತಾ, ಬೆಳ್ಳನೆಯ ಸೂಜಿಗಳು. ಎಲ್ಲಿ ನೋಡಿದರೂ ಸೂಜಿಗಳು! ನಾನು ಸೀಟಿ ಹೊಡೆದೆ. ನಿಜವಾಗಿಯೂ ಹೊಡೆದೆ. ಯಾಕೆಂದರೆ ಹೀರೇಕಾಯಿ ಹಳೆಯ ಲೋಹವೆಂದು ಆ ಗಳಿಗೆಯಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಇಷ್ಟೊಂದು ಸೂಜಿ ಮೇಡಂ ಲೋಹದಲ್ಲಿ ಹೇಗೆ ಬಂದೀತು? ಬದನೆಕಾಯಿಯಲ್ಲಿ ಆವರೆಗೆ ಒಂದೋ ಎರಡೋ ಕಂಡಿದ್ದವು, ಅಂದರೆ ಅದೇ ಮೇಡಂದು. ನಾವು ಗೆದ್ದೆವು ಎಂದುಕೊಂಡೆ. ನಾನು ಪಕ್ಷ ಕಟ್ಟಬಾರದೆಂದೇ ಅವರು ಹೆಸರು ಮುಚ್ಚಿಟ್ಟಿದ್ದರು. ಮುಚ್ಚಿದ ಹೆಸರಿನ ಮೇಲೂ ನಾನು ಪಕ್ಷ ಕಟ್ಟಿದೆ.

ನಮ್ಮ ಪ್ರಯೋಗಾಲಯದ ವಾರ್ಷಿಕ ದಿನದಂದು ಚಿತ್ರಸ್ಪರ್ಧೆ ನಡೆಯುತ್ತಿತ್ತು. ಲೋಹದವರಿಗೆ ಇದೊಂದು ಹುಚ್ಚು. ಮೈಕ್ರೋಸ್ಕೋಪಿನಲ್ಲಿ ತೆಗೆದ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿ, ಕವಿತೆಯಂಥ ಹೆಸರಿಟ್ಟು, ಮೊಗಸಾಲೆಯಲ್ಲಿ ನೇತುಹಾಕುವುದು. ತೀರ್ಪುಗಾರರು ಹೊರಗಿನಿಂದ ಬರುತ್ತಿದ್ದರು. ಚಿತ್ರ ಕೊಡಲು ಕೊನೆಯ ದಿನ ಹತ್ತಿರ ಬಂತು, ಮೇಡಂ ಆಸ್ಪತ್ರೆಯಲ್ಲಿ. ಕಾಚಿಗುಡದ ಮನೆಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ತಂಗಿಯ ಕಣ್ಣಿನ ಚಿಂತೆಯಲ್ಲಿರುವವರಿಗೆ ಇದಕ್ಕೆಲ್ಲ ಫೋನ್ ಮಾಡುವುದೇ ಎಂದು ಮಾಡಲಿಲ್ಲ. ವಿಜಯವಾಡದ ಗೆಳೆಯನಿದ್ದಿದ್ದರೆ ನನ್ನ ಕೈ ಹಿಡಿದು ಕೂರಿಸುತ್ತಿದ್ದ, "ಆಗು ರಾ, ಮೇಡಂ ರಾನೀ", ತಾಳೋ, ಮೇಡಂ ಬರಲಿ ಎನ್ನುತ್ತಿದ್ದ. ಅವನು ಮಾಧಾಪುರದಲ್ಲಿದ್ದ. ನಾನು ಸೂಜಿಗಳ ಚಿತ್ರಕ್ಕೆ 'ಮೊದಲ ಮಳೆ' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟು ಕೊಟ್ಟುಬಂದೆ.

ಅದಕ್ಕೇ ಮೊದಲ ಬಹುಮಾನ ಬಂತು. ಆ ದಿನ ಮೊಗಸಾಲೆಯ ತುಂಬ ಜನ, ಕೈಯಲ್ಲಿ ಚಹಾ, ಸಮೋಸ. ತೀರ್ಪುಗಾರರಲ್ಲಿ ಒಬ್ಬರು ಬೆಳ್ಳಗಿನ ಹುಬ್ಬಿನ ಹಿರಿಯರು. ಬೇಸಿಗೆಯ ಸಮಿತಿಯಲ್ಲಿ ಇರುವವರೂ ಅವರೇ ಎಂದು ನನಗೆ ಗೊತ್ತಿತ್ತು. ಅವರು ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಇದು ಯಾವ ಲೋಹ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹಳೆಯ ಲೋಹ ಸರ್ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ... ಇಲ್ಲ, ನನ್ನ ಬಾಯಿ ಮುಚ್ಚಲಿಲ್ಲ. ಎಲ್ಲರಿಗೂ ಕೇಳುವಂತೆ, ನಮ್ಮ ಮೇಡಂ ಮಾಡಿರುವ ಲೋಹದಲ್ಲಿ ಇಂಥ ಚಿತ್ರ ಬೇಕೆಂದರೂ ನಿಮಗೆ ಸಿಗುವುದಿಲ್ಲ ಎಂದೆ. ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು.

ಹಿಂದಿನಿಂದ ಮೇಡಂ ಧ್ವನಿ ಕೇಳಿತು. ಯಾವಾಗ ಬಂದಿದ್ದರೋ, ಹೆಗಲಲ್ಲಿ ಆಸ್ಪತ್ರೆಯ ಚೀಲ ಹಾಗೇ ಇತ್ತು. ಚಿತ್ರದ ಕೆಳಗೆ ನಾನು ಅಂಟಿಸಿದ್ದ ಚೀಟಿಯಲ್ಲಿ ಹೀರೇಕಾಯಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು, ಅದನ್ನು ನೋಡುತ್ತಿದ್ದರು. "ಅಲ್ಲ," ಎಂದರು ಇಂಗ್ಲಿಷಿನಲ್ಲಿ. "ಹಳೆಯದಲ್ಲ ಇದು. ಇದು ನನ್ನ ಲೋಹ." ಹಿರಿಯರು ಚಹಾದ ಲೋಟವನ್ನು ಕಿಟಕಿಯ ಮೇಲಿಟ್ಟು ಇನ್ನೊಮ್ಮೆ ಚಿತ್ರಕ್ಕೆ ಬಗ್ಗಿದರು. ಈ ಸಲ ಬಹಳ ಹೊತ್ತು ನೋಡಿದರು.

ಆಮೇಲೆ ನನ್ನನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದವರು ಮೇಡಂ ಅವರೇ. ನನ್ನ ಕೈಯಲ್ಲಿ ಬಹುಮಾನದ ಫಲಕವಿತ್ತು. ಅದನ್ನೆಲ್ಲಿ ಇಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವರು ಬೈಯಲಿಲ್ಲ. "ಪಾಲಿಶ್ ಭಾಳ ಚಲೋ ಬಂದೈತಿ," ಎಂದರು. ನನಗೆ ಅಳು ಬಂತು. "ಯಾಕೆ ಮೇಡಂ ಹೇಳಿದ್ರಿ? ನೀವು ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದೆ.

"ಮತ್ತ ಹಳೇ ಲೋಹದ ಹೆಸರು ಕೆಡತಿತ್ತಲ್ಲೋ. ಅದೇನ್ ತಪ್ಪ ಮಾಡಿತ್ತು?"

ಚಹಾ ಬಂತು, ಆರಿತು. ಆಗ ಅವರೆಕಾಯಿ ಏನೆಂದು ಹೇಳಿದರು. ಹೀರೇಕಾಯಿಯಲ್ಲಿ ಮುಂದೆಂದಾದರೂ ಸೂಜಿ ಬರಬಹುದೆಂದು ಅವರಿಗೆ ಮೊದಲೇ ಅನುಮಾನವಿತ್ತಂತೆ. "ಟಂಗ್‌ಸ್ಟನ್ ಕಡಿಮಿ ಮಾಡಿ ಇನ್ನೊಂದು ಮಾಡೀನಿ. ಅದಕ್ಕ ಬರಂಗಿಲ್ಲ ಅಂತ ನನಗ ನಂಬಿಕಿ ಐತಿ. ಆದ್ರ ಅದಿನ್ನೂ ಬೇಯಾಕತ್ತೈತಿ. ಬೇಸಿಗಿಯೊಳಗ ರೋಗಾನೂ ತೋರಸ್ತೀನಿ, ಔಷಧಾನೂ ತೋರಸ್ತೀನಿ ಅಂದ್ಕೊಂಡಿದ್ದೆ." ಲೋಟದ ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಿನಿಂದ ತೆಗೆದರು. "ನೀ ಸುಳ್ಳ ಹೇಳಿಲ್ಲ ತಮ್ಮಾ, ಅದು ನನಗ ಗೊತ್ತೈತಿ. ಆದ್ರ ಯಾವ ಲೋಹ ಅಂತ ಅವರು ಕೇಳಿದಾಗ ನೀ ಗೊತ್ತಿಲ್ಲ ಅನ್ನಬೇಕಿತ್ತು. ಅಷ್ಟ." ಅದಕ್ಕಿಂತ ಹೆಚ್ಚು ಅವರು ಎಂದೂ ಏನೂ ಹೇಳಲಿಲ್ಲ.

ರೋಗ ಮಾತ್ರ ಎಲ್ಲರಿಗೂ ಗೊತ್ತಾಯಿತು. ಬೇಸಿಗೆಯವರೆಗೆ ಯಾರೂ ಕಾಯಲಿಲ್ಲ. ಸಮಿತಿ ಬೇಗನೆ ಸೇರಿತು, ದೊಡ್ಡ ಎರಕ ಬೇಡವೆಂದಿತು. ಕುಲುಮೆಯನ್ನು ಇನ್ನೊಂದು ಗುಂಪು ಕೇಳುತ್ತಿತ್ತು. ಕೆಲವು ತಿಂಗಳು ಕೊಡಿ, ಮೂರನೆಯದು ಬೆಂದು ಮುಗಿಯಲಿ ಎಂದು ಮೇಡಂ ಕೋಣೆಯಿಂದ ಕೋಣೆಗೆ ಅಲೆದರು. ಯಾರಿಗೂ ಕೈ ಚಾಚದ ಹೆಂಗಸು. ಒಬ್ಬ ಅಧಿಕಾರಿ ನನ್ನೆದುರೇ, ನೋಡಿಕೊಳ್ಳಲು ನಿಮ್ಮ ಹತ್ತಿರ ಜನ ಎಲ್ಲಿದ್ದಾರೆ ಮೇಡಂ, ಎಲ್ಲ ಸಾಫ್ಟ್‌ವೇರಿಗೆ ಹೋದರಲ್ಲ ಎಂದು ನಕ್ಕ. ನಾನಿದ್ದೇನೆ ಎಂದು ಹೇಳಲು ಬಾಯಿ ತೆರೆದೆ. ನನ್ನ ಮಾತಿಗೆ ಅಲ್ಲಿ ಏನು ಬೆಲೆಯಿತ್ತು? ಮೊಗಸಾಲೆಯ ನನ್ನ ಮಾತು ಎಲ್ಲರಿಗೂ ನೆನಪಿತ್ತು.

ಕುಲುಮೆ ಆರಿಸಿದ ದಿನ ನಾವಿಬ್ಬರೂ ಅಲ್ಲಿದ್ದೆವು. ಅದರ ಮುಖದ ಕೆಂಪು ಇಳಿಯುವುದಕ್ಕೆ ಬಹಳ ಹೊತ್ತು ಬೇಕಾಯಿತು. ಅವರೆಕಾಯಿಯನ್ನು ಹೊರಗೆ ತೆಗೆದು ನೋಡಿದೆವು. ಸೂಜಿಗಳಿರಲಿಲ್ಲ. ಆದರೆ ಹೀರೇಕಾಯಿಯಲ್ಲೂ ಅಷ್ಟು ದಿನಕ್ಕೆ ಸೂಜಿಗಳಿರಲಿಲ್ಲ. ಅದರಿಂದ ಏನೂ ಸಾಬೀತಾಗುವಂತಿರಲಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, "ನಡಿ, ಬಸ್ ಹೋಗತೈತಿ," ಎಂದರು.

ನಿವೃತ್ತಿಯ ನಂತರ ಕೆಲವು ಸಲ ಕಾಚಿಗುಡದ ಮನೆಗೆ ಹೋದೆ. ಊಟ ಹಾಕುತ್ತಿದ್ದರು, ಕೆಲಸ ವಿಚಾರಿಸುತ್ತಿದ್ದರು. ಅವರು ಪ್ರೀತಿಯಿಂದ ಮಾತಾಡಿದಷ್ಟೂ ನನಗೆ ಕೂರಲಾಗುತ್ತಿರಲಿಲ್ಲ. ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ಆ ಚಿತ್ರ ಮಾತ್ರ ನನ್ನ ಜೊತೆ ಎಲ್ಲ ಕಡೆ ಬಂತು. ಒಂದು ಸಮ್ಮೇಳನದಲ್ಲಿ ಹೊಗಳಿದರು, ಒಂದು ಪತ್ರಿಕೆ ಮುಖಪುಟದಲ್ಲಿ ಹಾಕಿತು. ಈಗ ಕಾಲೇಜಿನಲ್ಲಿ ಪಾಠ ಹೇಳುವ ಈ ಕೆಲಸಕ್ಕೆ ಸಂದರ್ಶನ ನಡೆದಾಗಲೂ ಅವರು ಮೊದಲು ಕೇಳಿದ್ದು ಅದರ ಬಗ್ಗೆಯೇ. ಹಾಳಾದ ಲೋಹ ಹೇಗಿರುತ್ತದೆಂದು ಮಕ್ಕಳಿಗೆ ತೋರಿಸಲು ಪ್ರತಿ ವರ್ಷ ಅದನ್ನೇ ಪರದೆಯ ಮೇಲೆ ಹಾಕುತ್ತೇನೆ. ಅವರ ಸೋಲಿನಿಂದ ನಾನು ಅನ್ನ ತಿಂದಿದ್ದೇನೆ, ಇದನ್ನು ಬೇರೆ ಹೇಗೆ ಹೇಳಲಿ?

ಒಂದು ಭಾನುವಾರ ಕೋಠಿಯ ಹಳೆ ಪುಸ್ತಕದ ಸಾಲಿನಲ್ಲಿ ಅವರನ್ನು ದೂರದಿಂದ ಕಂಡೆ. ಬಹಳ ಇಳಿದಿದ್ದರು. ಪುಸ್ತಕವೊಂದನ್ನು ಕಣ್ಣಿನ ಹತ್ತಿರ ಹಿಡಿದು ಅಂಗಡಿಯವನ ಜೊತೆ ದಖ್ಖನಿಯಲ್ಲಿ ಚೌಕಾಸಿ ನಡೆಸಿದ್ದರು. ನಾಲ್ಕು ಹೆಜ್ಜೆ ಹಾಕಿ ಮಾತಾಡಿಸಬೇಕಿತ್ತು. ನಾನು ಪಕ್ಕದ ಔಷಧಿ ಅಂಗಡಿಗಳ ಗಲ್ಲಿಗೆ ತಿರುಗಿದೆ. ಅವರು ನನ್ನನ್ನು ನೋಡಿದರೋ ಇಲ್ಲವೋ... ನೋಡಿರಬಾರದು ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ. ಅದಾಗಿ ವರ್ಷದೊಳಗೆ ಅವರ ತಂಗಿಯ ಫೋನು ಬಂತು. "ಅಕ್ಕ ಹೋದಳ್ರೀ," ಎಂದರು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದು, ಅಂಗಳ ತೊಳೆದಿದ್ದರು. "ನಿಮ್ಮನ್ನ ಭಾಳ ನೆನಸ್ತಿದ್ಲು. ಮೈಸೂರ ಹುಡುಗ ದೊಡ್ಡ ಮನಷ್ಯಾ ಆಗ್ಯಾನ, ಬಿಡುವಿರಂಗಿಲ್ಲ ಅಂತಿದ್ಲು," ಎಂದು ಆ ತಾಯಿ ನನಗೇ ಸಮಾಧಾನ ಹೇಳಿದರು.

ಅವರೆಕಾಯಿಯನ್ನು ನಾನು ಮತ್ತೆ ಎರಕ ಹೊಯ್ದು ಬೇಯಿಸಬಹುದಿತ್ತು. ಮೇಡಂ ಬದುಕಿದ್ದಾಗಲೇ ಮಾಡಬಹುದಿತ್ತು. ಅದರ ಪಾಕ ಪ್ರಯೋಗಾಲಯದ ಹಳೆಯ ಪ್ರಕಟಣೆಯಲ್ಲೇ ಇತ್ತು, ಕಾಲೇಜಿನಲ್ಲಿ ಕುಲುಮೆಯೂ ಇತ್ತು. ಮಾಡಲಿಲ್ಲ. ಹೆದರಿಕೆ. ಅದೂ ಸೂಜಿ ಬೆಳೆದು ಕೆಡುವುದೇ ಆಗಿದ್ದರೆ ನನ್ನ ಹೊರೆ ಹಗುರ. ಹೇಗೂ ಸೋಲುತ್ತಿದ್ದರು, ನಾನು ಸ್ವಲ್ಪ ಮೊದಲೇ ಬಾಯಿಬಿಟ್ಟೆ ಅಷ್ಟೇ ಎನ್ನಬಹುದು. ಕೆಡದಿದ್ದರೆ? ಆ ಪ್ರಶ್ನೆಯ ಹತ್ತಿರ ಹೋಗದೆ ಎಷ್ಟೋ ವರ್ಷ ಆರಾಮಾಗಿ ಇದ್ದೆ. ಮೇಡಂ ತೀರಿಕೊಂಡ ಮೇಲೆ ಆ ಆರಾಮವೂ ಕೆಟ್ಟಿತು. ವರಂಗಲ್ಲಿನ ವಿದ್ಯಾರ್ಥಿನಿಯೊಬ್ಬಳು ಸಂಶೋಧನೆಗೆ ಸೇರಿದಾಗ ಅವಳಿಗೆ ಕೊಟ್ಟ ಲೋಹಗಳಲ್ಲಿ ಇದನ್ನೂ ಸೇರಿಸಿದೆ. ಯಾರದೆಂದು ಹೇಳಲಿಲ್ಲ. ಅವಳು ನಿಷ್ಠೆಯಿಂದ ಬೇಯಿಸಿದಳು, ಹೀರೇಕಾಯಿ ಬೆಂದಿದ್ದಕ್ಕಿಂತ ಹೆಚ್ಚು ಕಾಲ.

ಕುಕ್ಕರಿನ ಹಿಡಿ ಸುಟ್ಟ ವಾರವೇ ಆ ಚೂರು ಹೊರಗೆ ಬಂತು. ಮೊದಲು ನೀನೇ ನೋಡು ಎಂದು ಅವಳನ್ನು ಕೂರಿಸಿ ನಾನು ಹೊರಗೆ ಅಡ್ಡಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು, ಮುಖವೆಲ್ಲ ನಗುವಾಗಿ, "ಏಮೀ ಲೇದು ಸಾರ್!" ಎಂದಳು. ಏನೂ ಇಲ್ಲ. ಚೌಕಗಳು ದಪ್ಪಗಾಗಿವೆ, ಮೂಲೆ ಸವೆದಿವೆ, ಎಲ್ಲ ಲೋಹಕ್ಕೂ ಬರುವ ಮುಪ್ಪು ಬಂದಿದೆ, ಸೂಜಿ ಮಾತ್ರ ಇಲ್ಲ.

ನಾನೊಮ್ಮೆ ನೋಡುತ್ತೇನೆ ಎಂದು ಕೂತೆ. ಒಂದು ಅಂಚಿನಿಂದ ಶುರುಮಾಡಿದೆ. ಅವಳು ಊಟಕ್ಕೆ ಹೋಗಿ ಬಂದಳು, ನಾನಿನ್ನೂ ಅಲ್ಲೇ ಇದ್ದೆ. ಇನ್ನೊಂದು ಅಂಚಿನಿಂದ ಮತ್ತೆ ಶುರುಮಾಡಿದ್ದೆ. "ಇಂಕಾ ಏಂ ವೆತುಕುತುನ್ನಾರು ಸಾರ್?" ಎಂದು ಕೇಳಿದಳು. ಇನ್ನೂ ಏನು ಹುಡುಕುತ್ತಿದ್ದೀರಿ ಎಂದು. ಏನು ಹೇಳಲಿ ಆ ಹುಡುಗಿಗೆ? ಮೇಡಂ ಅವರನ್ನು ನನ್ನಷ್ಟು ಪ್ರೀತಿಸಿದವರು ಆ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅವರ ಲೋಹ ಕೆಟ್ಟಿರಲಿ ಎಂದು ಬೇಡುತ್ತಾ ಕೂತಿದ್ದವನೂ ನಾನೇ. ಒಂದೇ ಒಂದು ಸೂಜಿ ಸಾಕಿತ್ತು ನನಗೆ. ಸಂಜೆಯವರೆಗೆ ಹುಡುಕಿದೆ. ಸಿಗಲಿಲ್ಲ.